ಇನ್‌ಬಾಕ್ಸಿನಲ್ಲಿ ಈಜು

ತುಮಕೂರಿನಲ್ಲಿ ಈಗ ಸಮಯ ಉಳಿಸಿಕೊಡುವವರ ಕಾಟ ಎಷ್ಟಾಗಿದೆಯೆಂದರೆ, ಅವರನ್ನು ಕೂರಿಸಿ, ಕಾಫಿ ತರಿಸಿ, ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕಳಿಸುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಬಟವಾಡಿಯಿಂದ ಗುಬ್ಬಿ ಗೇಟಿನವರೆಗೆ ಬಿ.ಎಚ್. ರಸ್ತೆಯ ಎಡಬಲದಲ್ಲಿ ಎಷ್ಟು ಜಿಮ್ಮು, ಶಟಲ್ ಕೋರ್ಟು, ಕರಾಟೆ ಕ್ಲಾಸು, ಸ್ಕೇಟಿಂಗ್ ಅಂಗಳ, ಕಪ್ಪು-ಮೆಡಲ್ಲು ಮಾರುವ ಅಂಗಡಿಗಳಿವೆಯೋ ಅಷ್ಟಕ್ಕೂ ಒಬ್ಬೊಬ್ಬ ಹುಡುಗ ತಗುಲಿಕೊಂಡಿದ್ದಾನೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಲ್ಯಾಪ್‌ಟಾಪು, ಬಾಯಲ್ಲಿ 'ಕಂಟೆಂಟು'.

"ಸಾರ್, ನೀವು ದಿನಕ್ಕೆ ಹತ್ತೇ ನಿಮಿಷ ಕೊಡಿ ಸಾಕು. ತಿಂಗಳಿಗೆ ಮೂವತ್ತು ಪೋಸ್ಟು, ಎಂಟು ರೀಲು. ಹಬ್ಬದ ವಿಶಸ್ಸು ಫ್ರೀ. ಮಿಕ್ಕಿದ್ದೆಲ್ಲ ಎಐ ನೋಡ್ಕೊಳ್ಳುತ್ತೆ."

"ಮತ್ತೆ ನಾನೇನಪ್ಪ ಮಾಡ್ಲಿ?"

"ನೀವು ಆರಾಮಾಗಿ ನಿಮ್ ಬಿಸಿನೆಸ್ ನೋಡ್ಕೊಳ್ಳಿ ಸಾರ್."

ಬೆಳಗಿನ ಐದೂವರೆಗೆ ಶಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸುವ ಮನುಷ್ಯನ ಮುಂದೆ 'ಆರಾಮ' ಎಂಬ ಮಾತು ಆಡಬಾರದು. ಆಡಿದರೆ ಅವನು ಎಲ್ಲಿ ಬೇಕಾದರೂ ಸಹಿ ಹಾಕುತ್ತಾನೆ. ಟಿಕ್‌ಟಾಕ್ ಮೇಲೆ ಸರ್ಕಾರ ನಿಷೇಧ ಹಾಕಿದ್ದು 2020ರ ಜೂನ್ 29ಕ್ಕೆ. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ನಮ್ಮ ದೇಶಕ್ಕೆ ರೀಲ್ಸ್ ತಂದಿತು. ಆ ಸಂಧಿಕಾಲದಲ್ಲಿ ಲಾಕ್‌ಡೌನಿನಿಂದ ಬಾಗಿಲು ಹಾಕಿದ್ದ ಜಿಮ್ಮುಗಳು, ಮತ್ತೆ ಬಾಗಿಲು ತೆರೆದಾಗ ಡಂಬಲ್ ಒರೆಸುವ ಮೊದಲು ಟ್ರೈಪಾಡು ತಂದಿಟ್ಟವು. ಅಲ್ಲಿಂದ ಶುರುವಾದದ್ದು.

ಈಗ ಆ ಹತ್ತು ನಿಮಿಷದ ಲೆಕ್ಕ ನೋಡೋಣ. ಸಂಜೆಯ ಕರಾಟೆ ಕ್ಲಾಸು, ಒಂದು ಗಂಟೆಯದು. ಬಿಳಿ ಬಟ್ಟೆಯ ಇಪ್ಪತ್ತು ಮಕ್ಕಳು ಸಾಲಾಗಿ ಕೂತಿದ್ದಾರೆ. ಎದುರಿಗೆ ಮಾಸ್ಟರು. ಮಾಸ್ಟರಿಗೂ ಮಕ್ಕಳಿಗೂ ನಡುವೆ ರಿಂಗ್ ಲೈಟು. ಒಬ್ಬ ಹುಡುಗ ಒದೆಯಲು ಹೋಗಿ ಜಾರಿ ಬಿದ್ದ. ಹಿಂದಿನ ಕಾಲದ ಮಾಸ್ಟರಾಗಿದ್ದರೆ ಹೋಗಿ ಎತ್ತುತ್ತಿದ್ದರು, ಇಲ್ಲವೇ ಕಾಲು ಎಲ್ಲಿ ಇಡಬೇಕೆಂದು ತೋರಿಸುತ್ತಿದ್ದರು.

"ಏಯ್, ಇನ್ನೊಂದ್ಸಲ ಬೀಳೋ ಮಗ, ಲೈಟು ಸರಿ ಬರ್ಲಿಲ್ಲ."

ಹುಡುಗ ಎರಡನೇ ಸಲ ಬೀಳುತ್ತಾನೆ. ಬಿದ್ದದ್ದು ನಾಟಕದ ಥರ ಕಾಣಿಸಿತು, ರದ್ದು. ಮೂರನೇ ಸಲ ಮೊಣಕೈ ತರಚಿ ಅಳು ಬಂತು. "ಹ್ಞಾಂ, ಇದು ನ್ಯಾಚುರಲ್ಲು" ಎಂದು ಮಾಸ್ಟರು ಖುಷಿಯಾಗುತ್ತಾರೆ. ಆಮೇಲೆ ಯಾವ ಹಾಡು ಓಡುತ್ತಿದೆ ಎಂದು ಹುಡುಕಬೇಕು, ಹಾಡಿನ ಏಟಿಗೆ ಸರಿಯಾಗಿ ಹುಡುಗ ನೆಲಕ್ಕೆ ಬೀಳುವಂತೆ ಕತ್ತರಿಸಬೇಕು, ಅದಕ್ಕೊಂದು ಒಕ್ಕಣೆ ಬೇಕು, ಒಕ್ಕಣೆಗೆ ಹ್ಯಾಶ್‌ಟ್ಯಾಗು ಬೇಕು. ಅಷ್ಟರಲ್ಲಿ ಹೊರಗೆ ಸ್ಕೂಟರ್‌ಗಳು ಬಂದು ನಿಂತಿರುತ್ತವೆ. ಮಿಕ್ಕ ಹತ್ತೊಂಬತ್ತು ಮಕ್ಕಳು ಅವತ್ತು ಕಲಿತದ್ದು ಸಾಲಾಗಿ ಕೂರುವುದನ್ನು. ಅದೂ ಒಂದು ಶಿಸ್ತೇ ಅನ್ನಿ.

ಸಿನಿಮಾದ ಜೂನಿಯರ್ ಆರ್ಟಿಸ್ಟಿಗೆ ದಿನಗೂಲಿಯಾದರೂ ಉಂಟು. ಇಲ್ಲಿ ನಟಿಸುವ ಮಕ್ಕಳ ತಂದೆತಾಯಿಯರೇ ತಿಂಗಳಿಗಿಷ್ಟು ಎಂದು ಕೈಯಿಂದ ಕೊಡುತ್ತಾರೆ. 2023ರಲ್ಲಿ ಸಂಸತ್ತು ಒಪ್ಪಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ. ಮಗುವಿನ ಮುಖ, ಹೆಸರು, ಶಾಲೆಯ ಬ್ಯಾಡ್ಜು, ಕ್ಲಾಸಿಗೆ ಬರುವ ಹೊತ್ತು, ಇಷ್ಟನ್ನೂ ಒಂದೇ ರೀಲಿನಲ್ಲಿ ಊರಿಗೆ ಹಂಚುವ ಮಾಸ್ಟರಿಗೆ ಈ ಮಾತು ಹೇಳಿದರೆ, "ಪೇರೆಂಟ್ಸೇ ಲೈಕ್ ಮಾಡಿದ್ದಾರಲ್ಲ ಸಾರ್" ಎನ್ನುತ್ತಾರೆ.

ಇನ್ನು ಎಐ ನೋಡಿಕೊಳ್ಳುವ ಭಾಗ. ಎಐಗೆ ತುಮಕೂರೂ ಒಂದೇ, ಟೊರಾಂಟೊವೂ ಒಂದೇ. "ನಮ್ಮ ಅತ್ಯಾಧುನಿಕ ಸೌಲಭ್ಯಗಳೊಂದಿಗೆ ನಿಮ್ಮ ಫಿಟ್‌ನೆಸ್ ಪ್ರಯಾಣವನ್ನು ಇಂದೇ ಪ್ರಾರಂಭಿಸಿ" ಎಂಬ ವಾಕ್ಯ ಜಿಮ್ಮಿನ ಪೋಸ್ಟಿನಲ್ಲಿತ್ತು. ಅದೇ ವಾರ ಚೆಸ್ ಕ್ಲಾಸಿನ ಪೋಸ್ಟಿನಲ್ಲೂ ಇತ್ತು. ಕೂತಲ್ಲಿಂದ ಏಳದೆ ಫಿಟ್‌ನೆಸ್ ಪ್ರಯಾಣ ಮಾಡುವುದು ಚೆಸ್ಸಿನಲ್ಲಿ ಮಾತ್ರ ಸಾಧ್ಯ, ಇರಲಿ. ಈಜುಕೊಳವೊಂದು "ನೀವು ಸುರಿಸುವ ಪ್ರತಿ ಹನಿ ಬೆವರೂ ನಮಗೆ ಮುಖ್ಯ" ಎಂದು ಬರೆದುಕೊಂಡಿತು. ಓದಿದವರು ಕೊಳಕ್ಕಿಳಿಯಲು ಹಿಂದೆ ಮುಂದೆ ನೋಡಿದರು. ಗುಬ್ಬಿಯ ಒಂದು ಜಿಮ್ಮಿನ ಪೋಸ್ಟಿನಲ್ಲಂತೂ ಹೊಂಗೂದಲಿನ ಹೆಂಗಸೊಬ್ಬಳು ಹಿಮದ ದಾರಿಯಲ್ಲಿ ಓಡುತ್ತಿದ್ದಳು. ಅಡಿಕೆ ತೋಟ, ತೆಂಗಿನ ತೋಟ ಬಿಟ್ಟರೆ ಬೇರೆ ನೋಟವಿಲ್ಲದ ಊರಿನ ಮೇಲೆ ಹಿಮ ಸುರಿಸಿದ ಕೀರ್ತಿ ಆ ಪ್ಯಾಕೇಜಿಗೆ ಸಲ್ಲಬೇಕು. "ಫೋಟೊ ಪುಕ್ಕಟೆ ಸಿಕ್ತು ಸಾರ್" ಎನ್ನುವುದು ಹುಡುಗನ ಸಮರ್ಥನೆ. ಜಿಮ್ಮಿನೊಳಗೆ ನಿಜವಾಗಿ ಬೆವರುತ್ತಿದ್ದ ಕೊಬ್ಬರಿ ಮಂಡಿಯ ಹುಡುಗರೂ ಪುಕ್ಕಟೆಯೇ ಸಿಗುತ್ತಿದ್ದರು. ಆದರೆ ಅವರ ಹತ್ತಿರ ಹೋಗಲು ಎದ್ದು ಹೋಗಬೇಕು, ಸಮಯ ಹಿಡಿಯುತ್ತದೆ.

ಹಬ್ಬದ ವಿಶಸ್ಸು ಇನ್ನೊಂದು ಪುರಾಣ. ಯುಗಾದಿ, ಬಸವ ಜಯಂತಿ, ರಂಜಾನ್, ರಾಜ್ಯೋತ್ಸವ, ವಿಶ್ವ ಹೃದಯ ದಿನ, ವಿಶ್ವ ಜಲ ದಿನ. ಏಪ್ರಿಲ್ 1 ಬಂದರೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಜಯಂತಿ. ಊರಿಗೆಲ್ಲ ಅನ್ನ, ಅಕ್ಷರ ಕೊಟ್ಟವರ ಚಿತ್ರ ಮೇಲಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು. ಮಾಲೀಕರ ತೋಳು ಪರದೆ ತುಂಬ. ಶುಭಾಶಯ ಯಾರದು, ಯಾರಿಗೆ ಎಂದು ಗೊತ್ತಾಗದಿದ್ದರೂ ಬೈಸೆಪ್ಸ್ ಯಾರದು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಇಷ್ಟೆಲ್ಲ ಹೊಳೆಯಂತೆ ಹರಿಯುವ ಕಂಟೆಂಟಿನಲ್ಲಿ ಒಂದು ಸಂಗತಿ ಮಾತ್ರ ಯಾವತ್ತೂ ಬರುವುದಿಲ್ಲ. ಫೀಸು. ಎಂಟು ವರ್ಷದ ಮಗಳಿಗೆ ಬೇಸಿಗೆಯಲ್ಲಿ ಈಜು ಕಲಿಸಬೇಕೆಂದುಕೊಂಡ ತಾಯಿ ರೀಲಿನ ಕೆಳಗೆ ಕೇಳುತ್ತಾಳೆ, "ಫೀಸ್ ಎಷ್ಟು?" ತಕ್ಷಣ ಉತ್ತರ ಬರುತ್ತದೆ, ಅದರಲ್ಲಿ ಸಮಯ ನಿಜವಾಗಿಯೂ ಉಳಿದಿದೆ. "ಹಾಯ್! ನಿಮ್ಮ ಆಸಕ್ತಿಗೆ ಧನ್ಯವಾದಗಳು. ದಯವಿಟ್ಟು ಡಿಎಂ ಮಾಡಿ." ಮಾಡುತ್ತಾಳೆ. "ನಮ್ಮ ತಂಡ ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸಲಿದೆ." ತಂಡವೆಂದರೆ ಮಾಲೀಕರು, ಅವರ ಬಾಮೈದ, ಒಬ್ಬ ವಾಚ್‌ಮನ್. ಕೊನೆಗೆ ಫೋನ್ ಮಾಡಿದರೆ ಎತ್ತುವವರಿಲ್ಲ, ಏಕೆಂದರೆ ಅದೇ ಫೋನಿನಲ್ಲಿ ರೀಲು ಎಡಿಟ್ ಆಗುತ್ತಿದೆ. ಹೆಂಗಸರ ಬ್ಯಾಚು ಇದೆಯಾ, ಕಲಿಸುವವರು ಹೆಂಗಸರಾ, ಆಳ ಎಷ್ಟು, ನೀರು ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತಾರೆ, ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಇದೆಯಾ ಎಂದು ಅವಳಿಗೆ ಕೇಳುವುದಿತ್ತು. ಈ ಐದು ಪ್ರಶ್ನೆಗೆ ಐದು ಸಾಲಿನ ಉತ್ತರ ಬರೆದಿದ್ದರೆ ವರ್ಷಕ್ಕಾಗುವಷ್ಟು ಕಂಟೆಂಟು ಮುಗಿಯುತ್ತಿತ್ತು. ಬದಲಿಗೆ ಅವಳಿಗೆ ಸಿಕ್ಕಿದ್ದು "ನೀರೇ ಜೀವನ" ಎಂಬ ಸುವಿಚಾರ. ಜೂನ್ ಮೊದಲ ವಾರ, ಶಾಲೆ ಶುರುವಾದ ಮೇಲೆ ತಂಡ ಸಂಪರ್ಕಿಸಿತು.

ಫೀಸು ಇನ್‌ಬಾಕ್ಸಿನಲ್ಲಿ ಏಕೆ ಅಡಗಿದೆ ಎಂದು ಮಾರ್ಕೆಟಿಂಗ್ ಹುಡುಗನನ್ನು ಕೇಳಿದರೆ 'ಲೀಡ್ ಜನರೇಶನ್' ಎನ್ನುತ್ತಾನೆ. ಮಾಲೀಕರು ಒಳ್ಳೆಯವರು, ನಿಜ ಹೇಳುತ್ತಾರೆ. "ಅಪ್ಪ ಯಾವ ಗಾಡೀಲಿ ಬಂದ ಅಂತ ನೋಡ್ಬೇಕಲ್ಲ ಸಾರ್." ಆ್ಯಕ್ಟಿವಾಕ್ಕೆ ಒಂದು ದರ, ಇನ್ನೋವಾಕ್ಕೆ ಒಂದು. ಎದುರು ರಸ್ತೆಯ ಕೋರ್ಟಿನವನಿಗೆ ನಮ್ಮ ದರ ತಿಳಿಯಬಾರದೆಂಬುದು ಇನ್ನೊಂದು ಕಾರಣ. ಅವನಿಗೋ ಮೊದಲೇ ಗೊತ್ತು, ಅವನ ಬಾಮೈದ ಇಲ್ಲಿ ಸಂಜೆ ಏಳರ ಬ್ಯಾಚಿನಲ್ಲಿ ಆಡುತ್ತಾನೆ.

ಹಾಗೆಂದು ಈ ಕಂಟೆಂಟಿನ ವಿದ್ಯೆಯೇ ಖೊಟ್ಟಿ ಎನ್ನಲಾರೆ. 'ಬನ್ನಿ, ಕೊಳ್ಳಿ' ಎಂದು ಕೂಗದೆ, ಜನಕ್ಕೆ ಬೇಕಾದ್ದೇನನ್ನೋ ಮೊದಲು ಕೊಟ್ಟು ಆಮೇಲೆ ಗಿರಾಕಿಯನ್ನು ಪಡೆಯುವುದು ದೊಡ್ಡ ಕಸುಬು. ಟೂರ್ ಡಿ ಫ್ರಾನ್ಸ್ ಎಂಬ ಸೈಕಲ್ ರೇಸು ಹುಟ್ಟಿದ್ದೇ ಹಾಗೆ. 1903ರಲ್ಲಿ 'ಲೋಟೊ' ಎಂಬ ಪತ್ರಿಕೆಗೆ ಎದುರಾಳಿ ಪತ್ರಿಕೆಯ ಕಾಟ ತಡೆಯದಾಯಿತು, ಪ್ರಸಾರ ಹೆಚ್ಚಬೇಕಿತ್ತು. ಇವತ್ತಿನವರಾಗಿದ್ದರೆ "ಸೈಕಲ್ ತುಳಿಯುವುದರ ಹತ್ತು ಲಾಭಗಳು" ಎಂದು ಬರೆಸುತ್ತಿದ್ದರು. ಅವರು 2,400 ಕಿಲೋಮೀಟರಿಗೂ ಮೇಲ್ಪಟ್ಟ ರೇಸನ್ನೇ ನಡೆಸಿಬಿಟ್ಟರು. ಪತ್ರಿಕೆಯ ಮಾರಾಟ ಎರಡು ಪಟ್ಟು ಮೀರಿತು. ಅಮೆರಿಕದ ಕೋಚ್ ಬಿಲ್ ಬೋವರ್‌ಮನ್ 1962ರಲ್ಲಿ ನ್ಯೂಜಿಲೆಂಡಿಗೆ ಹೋಗಿ ಆರ್ಥರ್ ಲಿಡಿಯಾರ್ಡ್‌ನ ಓಟದ ಗುಂಪಿನ ಜೊತೆ ಹೊರಟ. ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಅಜ್ಜನೊಬ್ಬನ ಸಮಕ್ಕೆ ಓಡಲಾಗದೆ ಏದುಸಿರು ಬಿಟ್ಟ. ಊರಿಗೆ ಮರಳಿ ತನ್ನವರನ್ನು ಓಡಿಸಿದ, 1967ರಲ್ಲಿ ಹೃದಯದ ವೈದ್ಯರೊಬ್ಬರನ್ನು ಜೊತೆಗಿಟ್ಟುಕೊಂಡು ಜಾಗಿಂಗ್ ಬಗ್ಗೆ ಪುಸ್ತಕ ಬರೆದ. ಅವನು ತನ್ನ ಶಿಷ್ಯ ಫಿಲ್ ನೈಟ್ ಜೊತೆ 1964ರಲ್ಲಿ ಕಟ್ಟಿದ್ದ ಪುಟ್ಟ ಶೂ ವ್ಯಾಪಾರವೇ ಮುಂದೆ ನೈಕಿ ಆಯಿತು. ಓಡುವವರನ್ನು ಹುಟ್ಟಿಸಿದರೆ ಶೂ ಕೊಳ್ಳುವವರು ಹುಟ್ಟಿದ ಹಾಗೇ.

ಅಷ್ಟು ದೂರ ಏಕೆ, ಬೆಂಗಳೂರಿನ ಪ್ರೊಫೆಸರ್ ಕೆ.ವಿ. ಅಯ್ಯರ್ ಇದ್ದರಲ್ಲ. 1920ರ ದಶಕದಲ್ಲಿ ವ್ಯಾಯಾಮಶಾಲೆ ಇಟ್ಟುಕೊಂಡ ಕೋಲಾರ ಮೂಲದ ಮನುಷ್ಯ. ತಮ್ಮ ಮೈಯನ್ನೇ ಗ್ರೀಕರ ಶಿಲ್ಪದ ಭಂಗಿಯಲ್ಲಿ ನಿಲ್ಲಿಸಿ ಫೋಟೊ ತೆಗೆಸಿದರು. ಆ ಫೋಟೊಗಳು ವಿದೇಶದ ಅಂಗಸಾಧನೆಯ ಪತ್ರಿಕೆಗಳಿಗೂ ಹೋದವು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸೀಕ್' ಎಂಬ ಪುಸ್ತಕ ಬರೆದರು. ಸೂರ್ಯನಮಸ್ಕಾರದ ಮೇಲೊಂದು ಪುಸ್ತಕ ಬರೆದರು. ಅಂಚೆಯ ಮೂಲಕ ಪಾಠ ಕಳಿಸಿ ಕಾಣದ ಊರಿನ ಹುಡುಗರಿಗೂ ಅಂಗಸಾಧನೆ ಕಲಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವೂ ಸಿಕ್ಕಿತು. ಸಂಕೋಚವೇನೂ ಇಟ್ಟುಕೊಂಡವರಲ್ಲ, ತಮ್ಮ ದೇಹವನ್ನು ತಾವೇ ಮೆಚ್ಚಿಕೊಳ್ಳುವುದರಲ್ಲಿ ಇಂದಿನ ಯಾವ ಜಿಮ್ ಮಾಲೀಕನಿಗೂ ಕಡಿಮೆಯಿಲ್ಲ. ಆದರೆ ಆ ಮೈ ಅವರದೇ ಆಗಿತ್ತು, ಫೋಟೊದಲ್ಲಿ ಹಿಮ ಬೀಳುತ್ತಿರಲಿಲ್ಲ. ಇಷ್ಟರ ಮಧ್ಯೆ 'ಶಾಂತಲಾ', 'ರೂಪದರ್ಶಿ' ಎಂಬ ಕಾದಂಬರಿ ಬರೆಯಲೂ ಅವರಿಗೆ ಬಿಡುವಾಗಿತ್ತು. ಸಮಯ ಉಳಿಸುವ ಯಂತ್ರ ಇನ್ನೂ ಬಂದಿರಲಿಲ್ಲ, ಅದಕ್ಕೇ ಇರಬೇಕು.

ಗುಬ್ಬಿಯವರಿಗಂತೂ ಪ್ರಚಾರ ಹೇಳಿಕೊಡಲು ಹೊರಗಿನಿಂದ ಹುಡುಗ ಬರಬೇಕಾದದ್ದು ಈ ಕಾಲದ ದೊಡ್ಡ ಚೋದ್ಯ. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರು ಅದನ್ನು ಕೈಗೆ ತೆಗೆದುಕೊಂಡ ಮೇಲೆ ಕರ್ನಾಟಕದಲ್ಲಿ ಮನರಂಜನೆಯ ಲೆಕ್ಕವೇ ಬದಲಾಯಿತು. ಕಂಪನಿ ನಾಟಕದವರ ಪ್ರಚಾರದ ಬಂಡಿ ಬೀದಿಗೆ ಬಂದರೆ ಹಿಂದೆ ಮಕ್ಕಳ ದಂಡು ಓಡುತ್ತಿತ್ತು, ಬ್ಯಾಂಡು ಬಾರಿಸುತ್ತ ಹ್ಯಾಂಡ್‌ಬಿಲ್ ತೂರುತ್ತಿದ್ದರು. ಅವರೇನು ಸತ್ಯಹರಿಶ್ಚಂದ್ರರಲ್ಲ. ಹರಿಶ್ಚಂದ್ರನ ನಾಟಕಕ್ಕೂ 'ಇಂದೇ ಕಟ್ಟಕಡೆಯ ಆಟ' ಎಂದು ಅಚ್ಚು ಹಾಕಿ, ಮಾರನೆಯ ವಾರ 'ಪ್ರೇಕ್ಷಕ ಮಹಾಶಯರ ಒತ್ತಾಯದ ಮೇರೆಗೆ' ಎಂದು ಮತ್ತೆ ಆಡುವುದು ಕಂಪನಿಗಳ ಹುಟ್ಟುಗುಣ. ಆದರೂ ಆ ಚೀಟಿಯಲ್ಲಿ ನಾಟಕದ ಹೆಸರು, ಜಾಗ, ಹೊತ್ತು ಇರುತ್ತಿತ್ತು, ಕುರ್ಚಿಗೆ ಎಷ್ಟು, ಬೆಂಚಿಗೆ ಎಷ್ಟು, ನೆಲಕ್ಕೆ ಎಷ್ಟು ಎಂದೂ ಇರುತ್ತಿತ್ತು. ನೆಲದ ಮೇಲೆ ಕೂರುವವನೂ ಮನೆಯಲ್ಲೇ ಕಾಸು ಎಣಿಸಿಕೊಂಡು ಹೊರಡಬಹುದಿತ್ತು. ಯಾರೂ ಅವನ ಗಾಡಿ ನೋಡಿ ದರ ಹೇಳುತ್ತಿರಲಿಲ್ಲ. ಇನ್ನು ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳು ಬರುತ್ತವೆ ಎಂದರೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬರುತ್ತಿದ್ದವು. ಇವತ್ತು 'ಒಲಿಂಪಿಕ್ ಮಟ್ಟದ ತರಬೇತಿ' ಎಂದಲ್ಲಿಗೆ ಹೋದರೆ ದೇಹ ತೂಗುವ ಯಂತ್ರವೂ ಕೆಟ್ಟಿರುತ್ತದೆ.

ಕುಣಿಗಲ್ಲಿನ ಕಥೆ ಬೇರೆ. ಆ ಊರಿಗೆ ಸಿಕ್ಕಿರುವ ಪ್ರಚಾರ ಭಾರತದಲ್ಲಿ ಯಾವ ಪಾರ್ಕಿಗೂ ರೆಸಾರ್ಟಿಗೂ ಸಿಕ್ಕಿಲ್ಲ. ಅಲ್ಲಿನ ಕೆರೆಯ ಮೇಲೊಂದು ಜನಪದ ಹಾಡಿದೆ. ಕರ್ನಾಟಕದ ಯಾವ ಮೂಲೆಯಲ್ಲಿ ಸುಗಮ ಸಂಗೀತ ನಡೆದರೂ ಒಬ್ಬರಾದರೂ ಅದನ್ನು ಹಾಡುತ್ತಾರೆ, ಕುಣಿಗಲ್ ನೋಡದವರಿಗೂ ಆ ಕೆರೆ ಗೊತ್ತು. ಬರೆದವರ ಹೆಸರು ಗೊತ್ತಿಲ್ಲ, ಪ್ಯಾಕೇಜಿನ ದರವೂ ಗೊತ್ತಿಲ್ಲ. ಅದೇ ಊರಿನ ಕುದುರೆ ಫಾರಂ 1790ರ ಸುಮಾರಿಗೆ ಟಿಪ್ಪುವಿನ ಅಶ್ವದಳಕ್ಕಾಗಿ ಶುರುವಾದದ್ದು, ನಾನೂರು ಎಕರೆಗೂ ಮೇಲ್ಪಟ್ಟ ನೆಲ. ಓಟವೇ ಬಂಡವಾಳವಾದ ಹಳೇ ಕ್ರೀಡಾ ವ್ಯಾಪಾರ ನಮ್ಮ ಜಿಲ್ಲೆಯಲ್ಲಿದ್ದರೆ ಅದೇ. 1992ರಲ್ಲಿ ಅದು ಮೂವತ್ತು ವರ್ಷದ ಗುತ್ತಿಗೆಗೆ ವಿಜಯ್ ಮಲ್ಯರ ಕಂಪನಿಗೆ ಹೋಯಿತು. ಅಲ್ಲಿನ ಕುದುರೆಗಳು ಎಂದೂ ಕಂಟೆಂಟ್ ಮಾಡಲಿಲ್ಲ. ರೇಸಿನಲ್ಲಿ ಎಷ್ಟು ಸೆಕೆಂಡಿಗೆ ಬಂದವು ಎಂಬುದೇ ಅವುಗಳ ಪೋಸ್ಟು. ಯಜಮಾನರ ಕಡೆಯವರು ಮಾತ್ರ 2003ರಿಂದ ಬಿಯರಿನ ಹೆಸರಲ್ಲಿ ಕ್ಯಾಲೆಂಡರ್ ಮಾಡಿ ಲೋಕಪ್ರಸಿದ್ಧರಾದರು. ಕ್ಯಾಲೆಂಡರಿನ ಯಜಮಾನರು 2016ರ ಮಾರ್ಚಿನಲ್ಲಿ ದೇಶ ಬಿಟ್ಟರು. ಓಡುವುದೇ ಕಸುಬಾಗಿದ್ದ ಕುದುರೆಗಳು ಲಾಯದಲ್ಲೇ ಇದ್ದವು.

ತುಮಕೂರಿನಲ್ಲಿ ಸಮಯ ಉಳಿಸುವುದನ್ನು ನಿಜವಾಗಿ ಬಲ್ಲವರು ಒಂದು ವರ್ಗದವರಿದ್ದಾರೆ. ಬೆಳಗಿನ ಜಾವ ಜೂನಿಯರ್ ಕಾಲೇಜು ಮೈದಾನದಲ್ಲಿ ನೋಡಬೇಕು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು ಹಳ್ಳಿಗಳಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗರು. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು, ಅದರಲ್ಲಿ ನಾಲ್ಕು ಸೆಕೆಂಡು ಉಳಿಸಲು ನಾಲ್ಕು ತಿಂಗಳು ಒದ್ದಾಡುತ್ತಾರೆ. ಇವರನ್ನು ಓಡಿಸುವ ಪಿಟಿ ಮೇಷ್ಟ್ರಿಗೆ ಒಂದು ಸೀಟಿ, ಒಂದು ಸ್ಟಾಪ್‌ವಾಚು. ಪೇಜು ಇಲ್ಲ, ಫಾಲೋವರ್ ಇಲ್ಲ, ಆದರೆ ಹಿಂದೆ ಓಡಿ ಬರುವವರು ಅರವತ್ತು ಜನ. ವರ್ಷಕ್ಕೊಂದು ಸಲ, ಫಲಿತಾಂಶ ಬಂದ ಮೇಲೆ, ಆಯ್ಕೆಯಾದ ಹುಡುಗರೇ ದುಡ್ಡು ಹಾಕಿ ಒಂದು ಫ್ಲೆಕ್ಸು ಕಟ್ಟುತ್ತಾರೆ. ಅದರಲ್ಲಿ ಅವರ ಫೋಟೊ, ಹೆಸರು, ಊರು. ಅದನ್ನು ನೋಡಿದ ಪಾವಗಡದ ಅಪ್ಪನೊಬ್ಬ ಮಾರನೆಯ ದಿನ ಮಗನನ್ನು ಕರೆದುಕೊಂಡು ಬಂದು ಮೈದಾನದ ಅಂಚಿನಲ್ಲಿ ನಿಲ್ಲುತ್ತಾನೆ. ಮೇಷ್ಟ್ರು ತಿಂಗಳಿಗೆ ಎಷ್ಟು ಎಂದು ಸೀಟಿ ಬಾಯಲ್ಲಿ ಇಟ್ಟುಕೊಂಡೇ ಬೆರಳಲ್ಲಿ ತೋರಿಸುತ್ತಾರೆ.

ಇದನ್ನೆಲ್ಲ ಪರಿಚಯದ ಈಜುಕೊಳದ ಮಾಲೀಕರೊಬ್ಬರಿಗೆ ಹೇಳಿ, "ಒಂದು ಬೋರ್ಡು ಬರೆಸಿ ಬಾಗಿಲಿಗೆ ಹಾಕಿ. ಹೊತ್ತು, ಫೀಸು, ಹೆಂಗಸರ ಬ್ಯಾಚು, ಎತ್ತುವ ಫೋನ್ ನಂಬರು. ಒಂದೇ ಸಲದ ಕೆಲಸ" ಎಂದೆ. ಅವರು ಬಹಳ ಹೊತ್ತು ಯೋಚಿಸಿದರು. ಫೀಸು ಬೀದಿಗೆ ಬಂದರೆ ಮರ್ಯಾದೆ ಏನಾಗಬೇಕು ಎಂಬ ಸಂಕಟ ಮುಖದಲ್ಲಿ ಕಾಣುತ್ತಿತ್ತು. ಕೊನೆಗೂ ಬರೆಸಿದರು. ಹಳದಿ ಬಣ್ಣದ ಮೇಲೆ ಕಪ್ಪಕ್ಷರ, ರಸ್ತೆಯಿಂದಲೇ ಓದಬಹುದು. ಆ ವಾರ ವಿಚಾರಿಸಲು ಬಂದವರು ಬೋರ್ಡು ನೋಡಿಕೊಂಡೇ ಒಳಗೆ ಬಂದರು, ಚೌಕಾಸಿ ಮಾಡದೆ ದುಡ್ಡು ಕಟ್ಟಿದರು. ಮಾಲೀಕರಿಗೆ ನಡುವಯಸ್ಸಿನಲ್ಲಿ ಮೊದಲ ಸಲ ಮಧ್ಯಾಹ್ನದ ನಿದ್ದೆ ಸಿಕ್ಕಿತು.

ಸೋಮವಾರ ಪ್ಯಾಕೇಜಿನ ಹುಡುಗ ಬಂದ. ಬೋರ್ಡಿನ ಮುಂದೆ ನಿಂತು ಮೇಲಿಂದ ಕೆಳಗೆ ಓದಿದ, ಅವನ ಕಣ್ಣು ಅರಳಿತು.

"ಸೂಪರ್ ಸಾರ್! ಸಖತ್ ಕಂಟೆಂಟು ಇದು. ಬೋರ್ಡು ಬರೆಯೋ ಪೇಂಟರನ್ನ ಇನ್ನೊಂದ್ಸಲ ಕರೆಸಿ. ಬರೆಯೋ ಥರ ಆ್ಯಕ್ಟ್ ಮಾಡಿಸಿ ರೀಲ್ ಮಾಡೋಣ."

ಪೇಂಟರು ಬಂದ. ಬರೆದ ಅಕ್ಷರದ ಮೇಲೇ ಒಣ ಕುಂಚ ಆಡಿಸಿದ. ಬೆಳಕು ಚೆನ್ನಾಗಿ ಬೀಳಲೆಂದು ಬೋರ್ಡನ್ನು ಬಾಗಿಲಿನಿಂದ ಬಿಚ್ಚಿ ಹಿತ್ತಲಿಗೆ ಒಯ್ದಿದ್ದರು. ಫ್ರೇಮಿನಲ್ಲಿ ಎದ್ದು ಕಾಣಲೆಂದು ಫೀಸಿನ ಸಾಲಿನ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿದರು: 'ವಿಶೇಷ ರಿಯಾಯಿತಿ! ವಿವರಗಳಿಗೆ ಡಿಎಂ ಮಾಡಿ.'